ದೊಡ್ಡ ಕರ್ನಲ್ ಬಾಡಿಗೆಗಿರಲಿ

ಕೆಲಸಕ್ಕೆ ಸೇರಲು ಬರುವ ಎಂಜಿನಿಯರಿಂಗ್ ಪದವೀಧರರಿಗೆ ನಾನು ತಪ್ಪದೆ ಕೇಳುವ ಒಂದು ಪ್ರಶ್ನೆ ಇದೆ: ಮೈಕ್ರೋಕರ್ನಲ್ ಬಗ್ಗೆ ಏನು ಗೊತ್ತು? ಬಹುತೇಕರ ಉತ್ತರ ಒಂದೇ. ‘ಮೇಡಂ, ಅದು ಸೇಫ್, ಆದ್ರೆ ಸ್ಲೋ.’ ಎಷ್ಟು ಸ್ಲೋ, ಅಳೆದವರು ಯಾರು, ಯಾವ ಯಂತ್ರದ ಮೇಲೆ ಅಳೆದರು ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಮಕ್ಕಳನ್ನು ದೂರಿ ಪ್ರಯೋಜನವಿಲ್ಲ. ಮೂರು ದಶಕದ ಹಿಂದೆ ನಿಜವಾಗಿದ್ದ ಮಾತೊಂದು ಪುಸ್ತಕದಿಂದ ನೋಟ್ಸಿಗೆ, ನೋಟ್ಸಿನಿಂದ ಪರೀಕ್ಷೆಗೆ ಇಳಿದು ಹಾಗೇ ಗಟ್ಟಿಯಾಗಿಬಿಟ್ಟಿದೆ. ಆ ಮಾತು ಇನ್ನು ನಡೆಯದು ಎಂದು 1997ರಲ್ಲೇ ಜರ್ಮನಿಯ ಡ್ರೆಸ್ಡೆನ್ ನಗರದ ಸಣ್ಣ ತಂಡವೊಂದು ಅಂಕಿ ಸಮೇತ ತೋರಿಸಿಕೊಟ್ಟಿತು. ನಾವು ಅದನ್ನು ಪಾಠದೊಳಗೂ ತರಲಿಲ್ಲ, ಟೆಂಡರಿನೊಳಗೂ ತರಲಿಲ್ಲ. ಕಂಪ್ಯೂಟರ್ ಓದಿದವರ ಒಳಜಗಳ ಇದು ಎಂದು ಓದುಗರು ಪುಟ ತಿರುಗಿಸಬಾರದು. ಕಾರು ಓಡಿಸುವವರಿಗೆ, ಐಸಿಯುನಲ್ಲಿ ಮಲಗಿದವರಿಗೆ, ಫೋನಿನಲ್ಲಿ ಹಣ ಕಳಿಸುವವರಿಗೆ ನೇರ ಸಂಬಂಧಪಟ್ಟ ವಿಷಯ ಇದು.

ನಾನು ಬೆಂಗಳೂರಿನಲ್ಲಿ ಕಾರುಗಳ ಡ್ಯಾಶ್‌ಬೋರ್ಡ್ ಪರದೆಯ ಸಾಫ್ಟ್‌ವೇರ್ ಮಾಡುವ ತಂಡದಲ್ಲಿದ್ದೇನೆ. ಕೆಲಸಕ್ಕೆ ಸೇರಿದಂದಿನಿಂದ ನನಗೆ ಅನ್ನ ಕೊಟ್ಟಿರುವುದು ಲಿನಕ್ಸ್ ಕರ್ನಲ್. ಕರ್ನಲ್ ಎಂದರೆ ಆಪರೇಟಿಂಗ್ ಸಿಸ್ಟಂನ ತಿರುಳು. ಮೆಮೊರಿ, ಪ್ರೊಸೆಸರ್, ಡಿಸ್ಕ್, ನೆಟ್‌ವರ್ಕ್ ಎಲ್ಲದರ ಮೇಲೂ ಪೂರ್ತಿ ಅಧಿಕಾರ ಇರುವ ಭಾಗ. ನೀವು ತೆರೆಯುವ ಯಾವ ಆ್ಯಪ್ ಆದರೂ ಫೈಲ್ ಬೇಕಿದ್ದರೆ, ಕ್ಯಾಮೆರಾ ಬೇಕಿದ್ದರೆ ಅದನ್ನೇ ಕೇಳಬೇಕು. ಲಿನಕ್ಸ್‌ನಲ್ಲಿ ಈ ತಿರುಳು 3 ಕೋಟಿ ಸಾಲುಗಳನ್ನು ದಾಟಿ ಬೆಳೆದಿದೆ. ಹೆಚ್ಚಿನ ಪಾಲು ಡ್ರೈವರ್‌ಗಳು: ಈ ವೈಫೈ ಚಿಪ್ಪಿಗೊಂದು, ಆ ಟಚ್‌ಸ್ಕ್ರೀನಿಗೊಂದು. ಒಂದೇ ಯಂತ್ರದಲ್ಲಿ ಅಷ್ಟೂ ಓಡುವುದಿಲ್ಲ ನಿಜ, ಆದರೂ ಓಡುವುದು ಲಕ್ಷಗಟ್ಟಲೆ ಸಾಲು. ಓಡುವ ಪ್ರತಿ ಸಾಲಿಗೂ ಸರಿಸಮ ಅಧಿಕಾರ. ಟಚ್‌ಸ್ಕ್ರೀನ್ ಡ್ರೈವರ್ ಬರೆದವರು ಒಂದು ಪಾಯಿಂಟರ್ ತಪ್ಪಾಗಿ ಬಳಸಿದ್ದರೆ, ನಿಮ್ಮ ಬ್ಯಾಂಕ್ ಪಾಸ್‌ವರ್ಡ್ ಇರುವ ಮೆಮೊರಿಯ ಮೇಲೂ ಅದು ಗೀಚಬಲ್ಲದು. ಅಡ್ಡ ಬರುವವರು ಯಾರೂ ಇಲ್ಲ.

ಇದು ಬರೀ ಊಹೆಯ ಭಯ ಆಗಿದ್ದರೆ ಬರೆಯುವ ಅಗತ್ಯ ಇರಲಿಲ್ಲ. ‘ಡರ್ಟಿ ಕೌ’ ಎಂದು ಹೆಸರಾದ ದೋಷ 2007ರಿಂದ ಲಿನಕ್ಸ್‌ನ ಮೆಮೊರಿ ಭಾಗದಲ್ಲಿ ಕೂತಿತ್ತು. ಬೆಳಕಿಗೆ ಬಂದು ಸರಿಯಾಗಿದ್ದು 2016ರಲ್ಲಿ. ಅಷ್ಟು ವರ್ಷ ಜಗತ್ತಿನ ಅತ್ಯುತ್ತಮ ಕಣ್ಣುಗಳು ಆ ಸಾಲುಗಳ ಮೇಲೆ ಹಾದು ಹೋಗಿದ್ದವು. ವಿಂಡೋಸ್ ಕಡೆಯ ಉದಾಹರಣೆ ಎಲ್ಲರಿಗೂ ನೆನಪಿರಬೇಕು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಾಫ್ಟ್‌ವೇರ್‌ನ ಒಂದು ಕೆಟ್ಟ ಅಪ್‌ಡೇಟ್ ಫೈಲು ಸುಮಾರು 85 ಲಕ್ಷ ಕಂಪ್ಯೂಟರುಗಳನ್ನು ನೀಲಿ ಪರದೆಗೆ ತಳ್ಳಿತು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಟರ್ಮಿನಲ್ 1ರಲ್ಲಿ ಚೆಕ್-ಇನ್‌ಗೆ ಪೆಟ್ಟು ಬಿತ್ತು. ದೇಶದ ಹಲವು ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಟ್ಟರು. ಆ ಫೈಲನ್ನು ಓದುತ್ತಿದ್ದ ಡ್ರೈವರ್ ಕರ್ನಲ್‌ನ ಒಳಗೇ ಇತ್ತು. ಅದು ಎಡವಿದಾಗ ಇಡೀ ಯಂತ್ರ ಬಿತ್ತು. ಬಿದ್ದ ಯಂತ್ರವನ್ನು ಎಬ್ಬಿಸಲು ಕೆಳಗೆ ಇನ್ನೊಂದು ಪದರ ಇರಲಿಲ್ಲ. ಹಾಗಾಗಿ ತಂತ್ರಜ್ಞರು ಮೇಜಿನಿಂದ ಮೇಜಿಗೆ ಹೋಗಿ, ಸೇಫ್ ಮೋಡ್‌ನಲ್ಲಿ ತೆರೆದು, ಕೈಯಾರೆ ಫೈಲ್ ಅಳಿಸಬೇಕಾಯಿತು. ಆ ಡ್ರೈವರ್ ಕರ್ನಲ್‌ನ ಹೊರಗಿದ್ದಿದ್ದರೆ ಸಾಯುತ್ತಿದ್ದುದು ಅದೊಂದೇ.

1980ರ ದಶಕದಲ್ಲೇ ಇದಕ್ಕೆ ಬೇರೆ ದಾರಿ ಹುಡುಕಿದವರಿದ್ದರು. ಪೂರ್ತಿ ಅಧಿಕಾರ ಇರುವ ಭಾಗವನ್ನು ಎಷ್ಟು ಸಾಧ್ಯವೋ ಅಷ್ಟು ಚಿಕ್ಕದಾಗಿ ಇಡುವುದು, ಮಿಕ್ಕಿದ್ದನ್ನೆಲ್ಲ ಸಾಮಾನ್ಯ ಪ್ರೋಗ್ರಾಂಗಳ ಸಾಲಿಗೆ ಹಾಕುವುದು. ಆ ಚಿಕ್ಕ ಭಾಗವೇ ಮೈಕ್ರೋಕರ್ನಲ್. ಅದು ಮಾಡುವುದು ಬೆರಳೆಣಿಕೆಯ ಕೆಲಸ: ಮೆಮೊರಿಯನ್ನು ಬೇರೆ ಬೇರೆ ಮಾಡಿ ಕೊಡುವುದು, ಪ್ರೊಸೆಸರ್ ಸರದಿ ಹಂಚುವುದು, ಒಬ್ಬರ ಸಂದೇಶವನ್ನು ಇನ್ನೊಬ್ಬರಿಗೆ ಮುಟ್ಟಿಸುವುದು. ಹಾಗೆಂದು ಲಿನಕ್ಸ್‌ನಂಥ ದೊಡ್ಡ ಕರ್ನಲ್ ಅನ್ನು ಎಸೆಯುವುದೂ ಮೂರ್ಖತನ. ಅದಕ್ಕಾಗಿ ಬರೆದ ಸಾವಿರಾರು ಪ್ರೋಗ್ರಾಂ, ಡ್ರೈವರ್ ಎಲ್ಲ ನಮಗೆ ಬೇಕು. ಆದ್ದರಿಂದ ಮಧ್ಯದ ದಾರಿ: ಲಿನಕ್ಸ್ ಇರಲಿ, ಮೈಕ್ರೋಕರ್ನಲ್ ಮೇಲೆ ಒಬ್ಬ ಬಾಡಿಗೆದಾರನಾಗಿ ಇರಲಿ. ತನ್ನ ಮನೆಯೊಳಗೆ ಅದು ಎಂದಿನಂತೆ ಸಂಸಾರ ಮಾಡಲಿ, ಪಕ್ಕದ ಮನೆಯ ಬೀಗದ ಕೈ ಮಾತ್ರ ಅದರ ಹತ್ತಿರ ಬೇಡ.

ಮೊದಲ ಪ್ರಯತ್ನಗಳು ಸೋತವು, ಅದನ್ನು ಮುಚ್ಚಿಡಬೇಕಿಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ರಶೀದ್ ತಂಡ 1985ರಲ್ಲಿ ಆರಂಭಿಸಿದ ‘ಮಾಕ್’ ಮೇಲೆ ಯೂನಿಕ್ಸ್ ಓಡಿಸಿದಾಗ ಪ್ರತಿ ಕೆಲಸವೂ ಎಳೆದಾಡಿತು. ಅದೇ ಮಾಕ್ ಆಧರಿಸಿ ಐಬಿಎಂ ಕೈಗೆತ್ತಿಕೊಂಡ ‘ವರ್ಕ್‌ಪ್ಲೇಸ್ ಓಎಸ್’ ದೊಡ್ಡ ಮೊತ್ತ ನುಂಗಿ ನೆಲಕಚ್ಚಿತು. ಇಂದಿನ ಆಪಲ್ ಮ್ಯಾಕ್ ಕಂಪ್ಯೂಟರಿನ ಕರ್ನಲ್ ಒಳಗೂ ಮಾಕ್‌ನ ಅಂಶವಿದೆ, ಆದರೆ ಯೂನಿಕ್ಸ್ ಭಾಗವನ್ನೂ ಅದನ್ನೂ ಒಂದೇ ಮೆಮೊರಿಯೊಳಗೆ ಸೇರಿಸಿಬಿಟ್ಟಿದ್ದಾರೆ. ವೇಗ ಬಂತು, ನಡುವಿನ ಗೋಡೆ ಹೋಯಿತು. ‘ಮೈಕ್ರೋಕರ್ನಲ್ ಎಂದರೆ ಸ್ಲೋ’ ಎಂಬ ಮಾತು ಹುಟ್ಟಿದ್ದು ಈ ಕಾಲದಲ್ಲಿ. ಆಗ ಅದು ಸರಿಯಾದ ಮಾತೇ.

ಅದನ್ನು ಒಪ್ಪದವರು ಯೊಖೆನ್ ಲೀಟ್ಕ. ಜರ್ಮನಿಯ ಗಣಿತಜ್ಞ. ನಿಧಾನಕ್ಕೆ ಕಾರಣ ತತ್ವವಲ್ಲ, ಕಟ್ಟಿದ ರೀತಿ ಎಂಬುದು ಅವರ ವಾದ. ಎರಡು ಪ್ರೋಗ್ರಾಂಗಳ ನಡುವೆ ಒಂದು ಸಣ್ಣ ಸಂದೇಶ ಸಾಗಿಸಲು ಮಾಕ್‌ಗೆ ನೂರು ಮೈಕ್ರೋಸೆಕೆಂಡಿಗೂ ಹೆಚ್ಚು ಹಿಡಿಯುತ್ತಿದ್ದಾಗ, ಅದೇ 486 ಯಂತ್ರದ ಮೇಲೆ ತಮ್ಮ ಕರ್ನಲ್ ಅದನ್ನು ಸುಮಾರು 5 ಮೈಕ್ರೋಸೆಕೆಂಡಿನಲ್ಲಿ ಮುಗಿಸುವುದನ್ನು 1993ರಲ್ಲಿ ಪ್ರಕಟಿಸಿದರು. ಆಮೇಲೆ ಬಂದದ್ದು ಅವರ ಎಲ್4, ಕೇವಲ 12 ಕಿಲೋಬೈಟ್ ಗಾತ್ರ. ಅಸೆಂಬ್ಲಿ ಭಾಷೆಯಲ್ಲಿ, ಪ್ರೊಸೆಸರ್‌ನ ಕ್ಯಾಶ್ ಎಷ್ಟು, ಯಾವ ರಿಜಿಸ್ಟರ್ ಖಾಲಿ ಎಂದು ಲೆಕ್ಕ ಹಾಕಿ ಬರೆದದ್ದು. ಹೊರಗೆ ಇಟ್ಟರೂ ಕೆಲಸ ನಡೆಯುತ್ತದೆ ಎಂದಾದರೆ ಅದು ಒಳಗೆ ಇರಕೂಡದು ಎಂಬ ಅವರ ನಿಯಮವನ್ನು ನಾನು ಕೋಡ್ ರಿವ್ಯೂ ಮಾಡುವಾಗ ಈಗಲೂ ನೆನೆಯುತ್ತೇನೆ. 2001ರಲ್ಲಿ, ಐವತ್ತು ತುಂಬುವ ಮೊದಲೇ ಅವರು ತೀರಿಕೊಂಡರು.

ಲೀಟ್ಕ ಅವರ ಎಲ್4 ಮೇಲೆ ಇಡೀ ಲಿನಕ್ಸ್ ಕೂರಿಸುವ ಕೆಲಸಕ್ಕೆ ಕೈಹಾಕಿದ್ದು ಡ್ರೆಸ್ಡೆನ್ ತಾಂತ್ರಿಕ ವಿಶ್ವವಿದ್ಯಾಲಯದ ಹೆರ್ಮಾನ್ ಹೆರ್ಟಿಶ್ ಮತ್ತು ಸಂಗಡಿಗರು. ಹೆಸರು ಎಲ್4ಲಿನಕ್ಸ್. ಇಲ್ಲಿ ಸ್ವಲ್ಪ ಹತ್ತಿರದಿಂದ ನೋಡೋಣ, ಏಕೆಂದರೆ ಎಲ್ಲ ಇರುವುದು ಈ ವಿವರದಲ್ಲೇ. ಮಾಮೂಲು ಲಿನಕ್ಸ್‌ನಲ್ಲಿ ಒಂದು ಪ್ರೋಗ್ರಾಂ ‘ನನ್ನ ಪ್ರಕ್ರಿಯೆ ಸಂಖ್ಯೆ ಎಷ್ಟು’ ಎಂದು ಕೇಳಿದರೆ ಪ್ರೊಸೆಸರ್ ಅಧಿಕಾರದ ಮಟ್ಟ ಏರಿಸಿಕೊಂಡು ಕರ್ನಲ್‌ನೊಳಗೆ ಜಿಗಿದು, ಉತ್ತರ ಹಿಡಿದು ವಾಪಸ್ ಬರುತ್ತದೆ. ಎಲ್4ಲಿನಕ್ಸ್‌ನಲ್ಲಿ ಲಿನಕ್ಸ್ ಕರ್ನಲ್ಲೂ ಒಂದು ಸಾಮಾನ್ಯ ಪ್ರೋಗ್ರಾಂ ಅಷ್ಟೆ. ಹಾಗಾಗಿ ಕೇಳುವವರ ಪ್ರಶ್ನೆ ಸಂದೇಶವಾಗಿ ಎಲ್4 ಮೂಲಕ ಲಿನಕ್ಸ್‌ಗೆ ಹೋಗಬೇಕು, ಉತ್ತರ ಅದೇ ದಾರಿಯಲ್ಲಿ ಬರಬೇಕು. ಪ್ರೋಗ್ರಾಂಗೆ ಮೆಮೊರಿಯ ಹೊಸ ಪುಟ ಬೇಕಾದಾಗಲೂ ಹಾಗೇ: ಎಲ್4 ಅದನ್ನು ಸಂದೇಶವಾಗಿ ಲಿನಕ್ಸ್‌ಗೆ ತಲುಪಿಸುತ್ತದೆ, ಲಿನಕ್ಸ್ ತನಗೆ ಸಿಕ್ಕಿರುವ ಪಾಲಿನಿಂದ ಒಂದು ಪುಟ ಹಂಚುತ್ತದೆ. ತನಗೆ ಸಿಗದ ಪುಟವನ್ನು ಯಾರಿಗೂ ಕೊಡಲು ಅದಕ್ಕೆ ಬರುವುದಿಲ್ಲ.

133 ಮೆಗಾಹರ್ಟ್ಸ್ ಪೆಂಟಿಯಂ ಮೇಲೆ ಅವರು ಅಳೆದರು. ಆ ಒಂದು ಪ್ರಶ್ನೆಗೆ ಮಾಮೂಲು ಲಿನಕ್ಸ್ ಸುಮಾರು 1.7 ಮೈಕ್ರೋಸೆಕೆಂಡ್ ತೆಗೆದುಕೊಂಡರೆ ಎಲ್4ಲಿನಕ್ಸ್ ಸುಮಾರು 4. ಮಾಕ್ ಮೇಲೆ ಬೇರೆ ಪ್ರೋಗ್ರಾಂ ಆಗಿ ಓಡುವ ಲಿನಕ್ಸ್ 110 ಮೈಕ್ರೋಸೆಕೆಂಡ್. ಬರೀ ಈ ಅಂಕಿ ನೋಡಿ ‘ಎರಡು ಪಟ್ಟು ನಿಧಾನವಾಯಿತಲ್ಲ’ ಎನ್ನುವವರುಂಟು. ಆದರೆ ಯಾರೂ ದಿನವಿಡೀ ತಮ್ಮ ಸಂಖ್ಯೆ ಕೇಳುತ್ತ ಕೂರುವುದಿಲ್ಲ. ನಿಜವಾದ ಕೆಲಸ ಕೊಟ್ಟು ನೋಡಿದರು: ಲಿನಕ್ಸ್ ಕರ್ನಲ್ಲನ್ನೇ ಕಂಪೈಲ್ ಮಾಡಲು ಮಾಮೂಲು ಲಿನಕ್ಸ್‌ಗೆ 476 ಸೆಕೆಂಡ್, ಎಲ್4ಲಿನಕ್ಸ್‌ಗೆ 506, ಮಾಕ್ ಮೇಲಿನದಕ್ಕೆ 605. ಹಲವು ಬಳಕೆದಾರರು ಒಟ್ಟಿಗೆ ಕೆಲಸ ಮಾಡುವ ಪರೀಕ್ಷೆಯಲ್ಲಿ ಎಲ್4ಲಿನಕ್ಸ್ ಸರಾಸರಿ ಶೇ 8ರಷ್ಟು ಹಿಂದೆ ಬಿತ್ತು. ಎಂಟು ನಿಮಿಷದ ಕೆಲಸಕ್ಕೆ ಅರ್ಧ ನಿಮಿಷ ಹೆಚ್ಚು. ನಮ್ಮಲ್ಲಿ ಇಂದಿಗೂ ಬಾಯಿಪಾಠವಾಗಿರುವ ‘ಸ್ಲೋ’ ಇಷ್ಟು! ಲಿನಕ್ಸ್‌ಗಾಗಿ ಬರೆದಿದ್ದ ಪ್ರೋಗ್ರಾಂಗಳಂತೂ ಒಂದು ಅಕ್ಷರ ಬದಲಾಗದೆ ಅದರ ಮೇಲೆ ಓಡಿದವು. ಫ್ರಾನ್ಸಿನ ಸೇಂಟ್ ಮಾಲೊದಲ್ಲಿ ನಡೆದ ಸಮ್ಮೇಳನದಲ್ಲಿ ಮಂಡಿಸಿದ ಆ ಪ್ರಬಂಧ ಓದಲು ಈಗಲೂ ಖುಷಿ ಕೊಡುತ್ತದೆ. ವಿದ್ಯಾರ್ಥಿಗಳು ಹುಡುಕಿ ಓದಲಿ ಎಂದು ಆಸೆ.

ಅಂದಿನಿಂದ ಯಂತ್ರಗಳೂ ಬದಲಾಗಿವೆ. 2005ರ ನಂತರದ ಪ್ರೊಸೆಸರ್‌ಗಳಲ್ಲಿ ವರ್ಚುವಲೈಸೇಷನ್‌ಗೆ ಹಾರ್ಡ್‌ವೇರ್ ನೆರವು ಬಂದು, ಲಿನಕ್ಸ್‌ನ ಕೋಡ್ ತಿದ್ದದೆಯೇ ಅದನ್ನು ಸಣ್ಣ ಕರ್ನಲ್ ಮೇಲೆ ಕೂರಿಸುವುದು ಸುಲಭವಾಗಿದೆ. ವಿಂಡೋಸ್ 10ರಿಂದೀಚೆಗೆ ಮೈಕ್ರೋಸಾಫ್ಟ್ ಕೂಡ ತನ್ನ ಕರ್ನಲ್‌ನ ಕೆಳಗೆ ಇನ್ನೊಂದು ಪದರ ಇಟ್ಟು ಪಾಸ್‌ವರ್ಡ್ ರಹಸ್ಯಗಳನ್ನು ಅದರ ಆಸರೆಯಲ್ಲಿ ಬೇರೆ ಇಡುವ ಏರ್ಪಾಡು ಮಾಡಿದೆ. ಐಫೋನಿನಲ್ಲಿ ಕೀಲಿಗಳನ್ನು ಕಾಯುವ ಪ್ರತ್ಯೇಕ ಪ್ರೊಸೆಸರ್ ಓಡಿಸುವುದು ಎಲ್4ನದೇ ಒಂದು ರೂಪ. ದೊಡ್ಡ ಕಂಪನಿಗಳು ಸದ್ದಿಲ್ಲದೆ ಒಪ್ಪಿಕೊಂಡ ಮೇಲೂ ನಮ್ಮ ತರಗತಿಗಳು ಮಾಕ್ ಕಾಲದಲ್ಲೇ ನಿಂತಿವೆ.

ಇದು ಈಗೇಕೆ ಇಷ್ಟು ತುರ್ತು? ನನಗೆ ಅದನ್ನು ಸ್ಪಷ್ಟ ಮಾಡಿದ್ದು ನನ್ನ ಅಕ್ಕನ ಮಾತು. ಅವಳು ಐಸಿಯು ನರ್ಸ್. ಒಮ್ಮೆ ಫೋನಿನಲ್ಲಿ ಹೇಳಿದಳು: ‘ರಾತ್ರಿ ವೆಂಟಿಲೇಟರ್ ಸ್ಕ್ರೀನ್ ಹ್ಯಾಂಗ್ ಆಗಿಬಿಡ್ತು ಕಣೇ. ಎದೆ ಧಸಕ್ ಅಂತು. ಆದ್ರೆ ಉಸಿರು ಕೊಡೋದು ನಿಲ್ಲಲಿಲ್ಲ, ಅದರ ಪಾಡಿಗೆ ಅದು ನಡೀತಾನೇ ಇತ್ತು.’ ಅದು ಹೇಗೆ ಎಂದು ಕೇಳಿದಳು. ಆ ಮಾದರಿಯಲ್ಲಿ ಪರದೆಗೊಂದು ಪ್ರೊಸೆಸರ್, ಉಸಿರು ನಡೆಸುವುದಕ್ಕೆ ಬೇರೆಯೇ ಒಂದು ಪ್ರೊಸೆಸರ್ ಇಟ್ಟಿರಬೇಕು ಅಕ್ಕ, ಅದಕ್ಕೇ ಒಂದು ಬಿದ್ದರೂ ಇನ್ನೊಂದಕ್ಕೆ ತಾಕಲಿಲ್ಲ ಎಂದೆ. ‘ಎಲ್ಲಾ ಮೆಷಿನ್ನೂ ಹಾಗೇ ಇರುತ್ತಾ?’ ಎಂದಳು. ಅವಳ ಆ ಪ್ರಶ್ನೆಗೆ ಇದು ನನ್ನ ಉತ್ತರ.

ಹಿಂದೆ ಅಪಾಯದ ಕೆಲಸಕ್ಕೂ ಅಲಂಕಾರದ ಕೆಲಸಕ್ಕೂ ನಡುವೆ ಗೋಡೆ ತಾನಾಗಿಯೇ ಇತ್ತು. ಕಾರಿನಲ್ಲಿ ಬ್ರೇಕಿಗೊಂದು ಪೆಟ್ಟಿಗೆ, ಏರ್‌ಬ್ಯಾಗಿಗೊಂದು, ಹಾಡಿಗೊಂದು. ದುಬಾರಿ ಕಾರುಗಳಲ್ಲಿ ಇಂಥ ಪೆಟ್ಟಿಗೆಗಳು ನೂರರ ಹತ್ತಿರ ಹೋದವು. ವೈರಿಂಗ್ ಭಾರ, ಬೆಲೆ ಎರಡೂ ಏರಿದವು. ಈಗ ಉದ್ಯಮ ಹಿಡಿದಿರುವುದು ವಿರುದ್ಧ ದಿಕ್ಕು: ಹಲವು ಪೆಟ್ಟಿಗೆಗಳ ಕೆಲಸ ಒಂದೇ ದೊಡ್ಡ ಚಿಪ್ಪಿಗೆ. ವೇಗ ತೋರಿಸುವ ಮುಳ್ಳು, ಎಚ್ಚರಿಕೆ ದೀಪ, ಮ್ಯಾಪು, ಯೂಟ್ಯೂಬು, ಎಲ್ಲ ಒಂದೇ ಕಡೆ. ಫೋನಿನಲ್ಲಿ ಇದು ಮೊದಲೇ ಆಗಿತ್ತು. 2009ರ ಮೊಟೊರೊಲಾ ಎವೋಕ್ ಎಂಬ ಫೋನಿನಲ್ಲಿ ಲಿನಕ್ಸನ್ನೂ ಮೊಬೈಲ್ ಜಾಲದ ಸಾಫ್ಟ್‌ವೇರನ್ನೂ ಒಂದೇ ಪ್ರೊಸೆಸರ್ ಮೇಲೆ ಇಟ್ಟರು, ನಡುವೆ ಎಲ್4 ಕುಟುಂಬದ ಮೈಕ್ರೋಕರ್ನಲ್ ಹಾಕಿ. ದುಡ್ಡು ಉಳಿಸಲು ಚಿಪ್ ಕಡಿಮೆ ಮಾಡುವುದು ತಪ್ಪಲ್ಲ. ತಾಮ್ರ ಮತ್ತು ಪ್ಲಾಸ್ಟಿಕ್ಕಿನ ಗೋಡೆ ತೆಗೆದ ಮೇಲೆ ಅಷ್ಟೇ ಗಟ್ಟಿಯಾದ ಇನ್ನೊಂದು ಗೋಡೆ ಕಟ್ಟದಿರುವುದು ತಪ್ಪು. ಅದನ್ನು ಕಟ್ಟಬಹುದಾದ ಜಾಗ ಒಂದೇ, ದೊಡ್ಡ ಕರ್ನಲ್‌ನ ಕೆಳಗೆ.

ತಂಡಕ್ಕೆ ಹೊಸಬರು ಬಂದಾಗ ನಾನು ಮೊದಲು ಮಾಡಿಸುವ ಕೆಲಸ ಇದನ್ನು ಕಣ್ಣಾರೆ ನೋಡುವುದು. ಮೇಜಿನ ಮೇಲೆ ಒಂದು ಬೋರ್ಡು, ಎರಡು ಪರದೆ, ಲ್ಯಾಪ್‌ಟಾಪಿಗೆ ಒಂದು ಸೀರಿಯಲ್ ಕೇಬಲ್. ಬಲಗಡೆ ಪರದೆಯಲ್ಲಿ ಹಾಡು, ಮ್ಯಾಪು. ಅದನ್ನು ನಡೆಸುವುದು ಲಿನಕ್ಸ್. ಎಡಗಡೆ ಪರದೆಯಲ್ಲಿ ವೇಗದ ಮುಳ್ಳು, ಹ್ಯಾಂಡ್‌ಬ್ರೇಕಿನ ಕೆಂಪು ದೀಪ. ಅದನ್ನು ನಡೆಸುವುದು ಒಂದು ಚಿಕ್ಕ ಪ್ರತ್ಯೇಕ ಪ್ರೋಗ್ರಾಂ. ಇಬ್ಬರಿಗೂ ಕೆಳಗೆ ಮೈಕ್ರೋಕರ್ನಲ್. ಲಿನಕ್ಸ್ ತನ್ನನ್ನು ತಾನೇ ಬೀಳಿಸಿಕೊಳ್ಳಲು ಪರೀಕ್ಷೆಗೆಂದೇ ಇಟ್ಟ ಒಂದು ಆಜ್ಞೆ ಇದೆ, ಅದನ್ನು ಟೈಪ್ ಮಾಡಿ ಎಂಟರ್ ಒತ್ತಲು ಹೇಳುತ್ತೇನೆ. ಹಿಂಜರಿಯುತ್ತಾರೆ. ಒತ್ತುತ್ತಾರೆ. ಕನ್ಸೋಲಿನಲ್ಲಿ ‘ಕರ್ನಲ್ ಪ್ಯಾನಿಕ್’ ಸಾಲು ಉದುರುತ್ತದೆ, ಹಾಡು ಅರ್ಧಕ್ಕೇ ನಿಲ್ಲುತ್ತದೆ, ಮ್ಯಾಪು ಮರಗಟ್ಟುತ್ತದೆ. ಎಡಗಡೆಯ ಮುಳ್ಳು ಅರವತ್ತರ ಆಸುಪಾಸು ಏರಿಳಿಯುತ್ತಲೇ ಇರುತ್ತದೆ. ಹ್ಯಾಂಡ್‌ಬ್ರೇಕ್ ಸ್ವಿಚ್ ಒತ್ತಿದರೆ ಕೆಂಪು ದೀಪ ಕೂಡಲೇ ಹೊತ್ತುತ್ತದೆ. ಆಮೇಲೆ ಬಲಗಡೆ ಲೋಗೊ ಮೂಡಿ ಲಿನಕ್ಸ್ ಮೊದಲಿನಿಂದ ಏಳುತ್ತದೆ. ಇತ್ತೀಚೆಗೆ ಒಬ್ಬ ಹುಡುಗ ‘ಕೆಳಗಿರೋದಕ್ಕೆ ಗೊತ್ತೇ ಆಗ್ಲಿಲ್ವಾ ಮೇಡಂ?’ ಎಂದು ಕೇಳಿದ. ಗೊತ್ತಾಯಿತು, ಗೊತ್ತಾಗಿದ್ದಕ್ಕೇ ಎಬ್ಬಿಸಿತು ಎಂದೆ.

ಬೇಕೆಂದೇ ಬೀಳಿಸುವುದು ಒಂದು, ಒಳಗೆ ನುಗ್ಗಿದ ಶತ್ರು ಇನ್ನೊಂದು. ಅದಕ್ಕೂ ಪರೀಕ್ಷೆ ಆಗಿದೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಗೆರ್ನಾಟ್ ಹೈಸರ್, ಗೆರ್ವಿನ್ ಕ್ಲೈನ್ ಮತ್ತಿತರರು 2009ರಲ್ಲಿ ಎಸ್‌ಇಎಲ್4 ಎಂಬ ಮೈಕ್ರೋಕರ್ನಲ್ ಮಂಡಿಸಿದರು. ಸಿ ಭಾಷೆಯ ಸುಮಾರು 8,700 ಸಾಲು. ಈ ಸಾಲುಗಳು ತಮ್ಮ ವಿವರಣೆಯಲ್ಲಿ ಬರೆದಂತೆಯೇ ನಡೆಯುತ್ತವೆ ಎಂಬುದಕ್ಕೆ ಯಂತ್ರವೇ ಪರಿಶೀಲಿಸಿದ ಗಣಿತದ ಸಾಧನೆ (ಪ್ರೂಫ್) ಅದರ ಜೊತೆ ಬಂತು. ಆ ಸಾಧನೆಯೇ 2 ಲಕ್ಷ ಸಾಲು. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ 2012ರಲ್ಲಿ ಶುರು ಮಾಡಿದ ಯೋಜನೆಯಲ್ಲಿ ಬೋಯಿಂಗ್‌ನ ‘ಲಿಟಲ್ ಬರ್ಡ್’ ಎಂಬ ಚಾಲಕರಹಿತ ಹೆಲಿಕಾಪ್ಟರಿನ ಮಿಷನ್ ಕಂಪ್ಯೂಟರಿಗೆ ಇದನ್ನು ಹಾಕಿದರು. ಕ್ಯಾಮೆರಾ ನೋಡಿಕೊಳ್ಳುವ ಲಿನಕ್ಸ್ ಅದರ ಮೇಲೆ ಒಂದು ಕೋಣೆಯಲ್ಲಿ. ದಾಳಿ ಮಾಡಲೆಂದೇ ಕರೆಸಿದ ತಂಡಕ್ಕೆ ಆ ಲಿನಕ್ಸ್‌ನ ಒಳಗಿನ ಪ್ರವೇಶವನ್ನು ಮೊದಲೇ ಕೊಟ್ಟುಬಿಟ್ಟರು. ಲಿನಕ್ಸನ್ನು ಕೆಡಿಸಲು ಅವರಿಗೆ ಸಾಧ್ಯವಾಯಿತು. ಅಲ್ಲಿಂದ ಹೊರಬಂದು ಬೇರೆ ಭಾಗ ಮುಟ್ಟಲು ಆಗಲಿಲ್ಲ. ನನ್ನ ಮಟ್ಟಿಗೆ ವಾದ ಮುಗಿದದ್ದು ಅಲ್ಲೇ.

2018ರ ಒಂದು ಅಧ್ಯಯನ ಲಿನಕ್ಸ್‌ನ 115 ಗಂಭೀರ ದೋಷಗಳನ್ನು ಒಂದೊಂದಾಗಿ ತೆಗೆದು ನೋಡಿತು. ವ್ಯವಸ್ಥೆಯನ್ನು ಮೈಕ್ರೋಕರ್ನಲ್ ಮೇಲೆ ಬಿಡಿಬಿಡಿಯಾಗಿ ಕಟ್ಟಿದ್ದರೆ ಅವುಗಳಲ್ಲಿ ಶೇ 96ರಷ್ಟು ಗಂಭೀರವಾಗಿ ಉಳಿಯುತ್ತಿರಲಿಲ್ಲ ಎಂದಿತು. ಬರೆದವರಲ್ಲಿ ಹೈಸರ್ ಅವರೂ ಇದ್ದಾರೆ, ಹಾಗಾಗಿ ಓದುಗರು ಆ ಸಂಖ್ಯೆಯಲ್ಲಿ ಸ್ವಲ್ಪ ಕಡಿಮೆ ಮಾಡಿಕೊಂಡರೂ ನನಗೆ ಬೇಸರವಿಲ್ಲ. ಅರ್ಧಕ್ಕೆ ಇಳಿಸಿದರೂ ಸಾಕಷ್ಟಾಯಿತು.

‘ಬಿಡಿಬಿಡಿಯಾಗಿ’ ಎಂಬುದರ ಮೇಲೆ ಒತ್ತು ಕೊಡಲೇಬೇಕು. ಎಲ್ಲವನ್ನೂ ಒಂದೇ ಲಿನಕ್ಸ್ ಒಳಗೆ ತುಂಬಿ, ಕೆಳಗೆ ಮೈಕ್ರೋಕರ್ನಲ್ ತೂರಿಸಿ, ‘ಸುರಕ್ಷಿತ’ ಎಂದು ಚೀಟಿ ಅಂಟಿಸಿ ಮಾರುವವರನ್ನು ನಾನು ನೋಡಿದ್ದೇನೆ. ಅದು ಮೋಸ. ಕೀಲಿಯೂ ಬ್ರೇಕೂ ಹಾಡೂ ಒಂದೇ ಕೋಣೆಯಲ್ಲಿದ್ದರೆ ಕೋಣೆಯ ಗೋಡೆ ಎಷ್ಟು ಗಟ್ಟಿಯಿದ್ದು ಏನು ಬಂತು? ಜೀವಕ್ಕೆ, ಹಣಕ್ಕೆ ಸಂಬಂಧಿಸಿದ ಚಿಕ್ಕ ಭಾಗವನ್ನು ಲಿನಕ್ಸ್‌ನಿಂದ ಹೊರತೆಗೆದು ಪ್ರತ್ಯೇಕ ಇಟ್ಟಾಗಲೇ ಲಾಭ. ಅದು ಕಷ್ಟದ ಕೆಲಸ. ಯಾವುದು ಚಿಕ್ಕ ಭಾಗ ಎಂದು ನಿರ್ಧರಿಸಲು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳಬೇಕು. ಇನ್ನೊಂದು ಎಚ್ಚರ: ನೆಟ್‌ವರ್ಕ್ ಕಾರ್ಡು, ಗ್ರಾಫಿಕ್ಸ್ ಚಿಪ್ಪಿನಂಥವು ಪ್ರೊಸೆಸರನ್ನು ಕೇಳದೆ ನೇರವಾಗಿ ಮೆಮೊರಿಗೆ ಬರೆಯಬಲ್ಲವು. ಅವನ್ನು ತಡೆಯಲು ಚಿಪ್ಪಿನಲ್ಲಿ ಬೇರೆ ಕಾವಲಿದೆ, ಆದರೆ ಅದನ್ನು ಆನ್ ಮಾಡಬೇಕು. ಕಾವಲು ಆಫ್ ಆಗಿದ್ದರೆ ಬಾಡಿಗೆದಾರ ತನ್ನ ಡ್ರೈವರ್ ಮೂಲಕ ಪಕ್ಕದವರ ಮೆಮೊರಿಗೆ ಕೈ ಹಾಕಬಹುದು, ಮೈಕ್ರೋಕರ್ನಲ್ ಎಷ್ಟೇ ಸಾಧಿತವಾಗಿದ್ದರೂ.

ಇನ್ನು ನಮ್ಮ ದೇಶದ ಮಾತು. ಸ್ವದೇಶಿ ಆಪರೇಟಿಂಗ್ ಸಿಸ್ಟಂ ಎಂದು ಬಂದವುಗಳಲ್ಲಿ ಸಿ-ಡ್ಯಾಕ್‌ನ ಬಾಸ್ ನಿಂತಿರುವುದು ಡೆಬಿಯನ್ ಲಿನಕ್ಸ್ ಮೇಲೆ, ರಕ್ಷಣಾ ಸಚಿವಾಲಯ 2023ರಲ್ಲಿ ತಂದ ಮಾಯಾ ನಿಂತಿರುವುದು ಉಬುಂಟು ಲಿನಕ್ಸ್ ಮೇಲೆ, ಅದೇ ವರ್ಷದ ಭರೋಸ್ ಆಂಡ್ರಾಯ್ಡ್ ಮೇಲೆ. ಭಾರತೀಯ ಭಾಷೆಗಳಿಗೆ, ಪರವಾನಗಿ ಹಣ ಉಳಿಸುವುದಕ್ಕೆ ಇಂಥ ಪ್ರಯತ್ನ ಬೇಕು, ಅದರಲ್ಲಿ ದುಡಿದವರಿಗೆ ನನ್ನ ಗೌರವವಿದೆ. ಆದರೆ ಮೂರರ ಅಡಿಯಲ್ಲೂ ಇರುವುದು ಅದೇ ಕೋಟಿಗಟ್ಟಲೆ ಸಾಲಿನ ಲಿನಕ್ಸ್ ಕರ್ನಲ್. ಅದನ್ನು ಆದಿಯಿಂದ ಅಂತ್ಯದವರೆಗೆ ಓದಿದ ಒಬ್ಬ ಮನುಷ್ಯ ಭಾರತದಲ್ಲಿಲ್ಲ, ಬೇರೆಲ್ಲೂ ಇಲ್ಲ. ಓದಲಾಗದ್ದನ್ನು ನಮ್ಮದು ಎನ್ನುವುದು ಹೇಗೆ? ಹತ್ತು ಸಾವಿರ ಸಾಲಿನ ಕರ್ನಲ್ ಹಾಗಲ್ಲ. ಒಂದು ತರಗತಿ ಒಂದು ಸೆಮಿಸ್ಟರಿನಲ್ಲಿ ಕೂತು ಅದನ್ನು ಓದಿ ಮುಗಿಸಬಹುದು. ಎಸ್‌ಇಎಲ್4ನ ಮೂಲ ಕೋಡ್ 2014ರಿಂದ ಎಲ್ಲರಿಗೂ ಮುಕ್ತವಾಗಿದೆ. 2020ರಲ್ಲಿ ಅದರ ಗಣಿತದ ಸಾಧನೆ 64 ಬಿಟ್‌ನ ರಿಸ್ಕ್-ಫೈವ್ ಪ್ರೊಸೆಸರ್ ಮಾದರಿಗೂ ಬಂತು. ಐಐಟಿ ಮದ್ರಾಸ್‌ನ ಶಕ್ತಿ, ಸಿ-ಡ್ಯಾಕ್‌ನ ವೇಗ ಎಂಬ ನಮ್ಮ ಪ್ರೊಸೆಸರ್‌ಗಳು ಇದೇ ರಿಸ್ಕ್-ಫೈವ್ ಕುಟುಂಬದವು. ಕೇಂದ್ರ ಸರ್ಕಾರ 2022ರಲ್ಲಿ ಅದಕ್ಕಾಗಿಯೇ ಒಂದು ಕಾರ್ಯಕ್ರಮ ಘೋಷಿಸಿತು. ನಮ್ಮ ಚಿಪ್, ಅದರ ಮೇಲೆ ನಾವು ಪೂರ್ತಿ ಓದಿ ತಿಳಿದ ಸಣ್ಣ ಕರ್ನಲ್, ಅದರ ಮೇಲೆ ಬಾಸ್ ಇರಲಿ ಮಾಯಾ ಇರಲಿ ತನ್ನ ಕೋಣೆಯಲ್ಲಿ. ಬೇಕಾದ ತುಂಡುಗಳು ನಮ್ಮ ಮುಂದಿವೆ. ಜೋಡಿಸುವ ಕೈಗಳು ಬೆಂಗಳೂರಿನಲ್ಲಿ ಧಾರಾಳವಾಗಿವೆ, ಸದ್ಯ ಬೇರೆ ದೇಶದ ಕಾರುಗಳಿಗಾಗಿ ದುಡಿಯುತ್ತಿವೆ.

ಎಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕರಲ್ಲಿ ನನ್ನ ಕೋರಿಕೆ ಇದು: ‘ಸೇಫ್, ಆದ್ರೆ ಸ್ಲೋ’ ಎಂಬುದನ್ನು ನೋಟ್ಸಿನಿಂದ ಅಳಿಸಿ, ಲ್ಯಾಬಿನಲ್ಲಿ ಅಳೆಯಲು ಕೊಡಿ. ಮೈಕ್ರೋಕರ್ನಲ್ ಮೇಲೆ ಲಿನಕ್ಸ್ ಬೂಟ್ ಮಾಡುವುದಕ್ಕೆ ದುಬಾರಿ ಉಪಕರಣ ಬೇಕಿಲ್ಲ, ಎಮ್ಯುಲೇಟರ್ ಇರುವ ಒಂದು ಮಾಮೂಲು ಲ್ಯಾಪ್‌ಟಾಪ್ ಸಾಕು. ಕಂಪೈಲ್ ಸಮಯ ಬರೆದುಕೊಂಡು ಮಕ್ಕಳೇ ಲೆಕ್ಕ ಹಾಕಲಿ. ಆಸ್ಪತ್ರೆಗೆ, ಆಂಬುಲೆನ್ಸಿಗೆ, ವಿದ್ಯುತ್ ಜಾಲಕ್ಕೆ, ಬಸ್ಸಿಗೆ ಕಂಪ್ಯೂಟರ್ ಇರುವ ಸಾಧನ ಕೊಳ್ಳುವ ಸರ್ಕಾರದ ಇಲಾಖೆಗಳು ಟೆಂಡರಿನಲ್ಲಿ ಒಂದು ಷರತ್ತು ಸೇರಿಸಲಿ: ದೊಡ್ಡ ಕರ್ನಲ್ ಬಿದ್ದಾಗ ಏನು ನಡೆಯುತ್ತಿರುತ್ತದೆ, ಅದನ್ನು ಮತ್ತೆ ಎಬ್ಬಿಸುವವರು ಯಾರು ಎಂಬುದನ್ನು ಮಾರುವವರು ಕಾಗದದಲ್ಲಿ ಬರೆದು ಕೊಟ್ಟರೆ ಸಾಲದು, ಖರೀದಿ ಸಮಿತಿಯ ಎದುರಿಗೇ ಅದನ್ನು ಬೀಳಿಸಿ ತೋರಿಸಬೇಕು.